ಮಂಡಕ್ಕಿ ಭಟ್ಟಿಯ ಹೊಗೆ ಯಾರ ಲೆಕ್ಕಕ್ಕೆ?

[ದೃಶ್ಯ: ಕಾಗದದ ಮೇಲೆ ಖಾರ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ]

ನಮಸ್ಕಾರ. ದಾವಣಗೆರೆ ಎಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ಊರಿನವರ ಸಂಜೆ ಮಾತ್ರ ಮಂಡಕ್ಕಿ, ಮಿರ್ಚಿಯದು. ಈ ಮಂಡಕ್ಕಿ ಅರಳುವ ಭಟ್ಟಿಗಳನ್ನು ಮುಂದಿಟ್ಟುಕೊಂಡು ಇಂದು ಒಂದು ಭಾರದ ಮಾತನ್ನು ತೂಗಿ ನೋಡೋಣ: ‘ಸುಸ್ಥಿರ ಮತ್ತು ಎಲ್ಲರನ್ನೂ ಒಳಗೊಂಡ ನಗರಾಭಿವೃದ್ಧಿ’. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಗುರಿಗಳಲ್ಲಿ 11ನೆಯದು ಇದೇ. ಯೋಜನಾ ವರದಿಗಳಲ್ಲಿ ಈ ಎರಡು ಗುಣಗಳು ಜೋಡೆತ್ತಿನಂತೆ ಬರುತ್ತವೆ. ಭಟ್ಟಿಯ ಮುಂದೆ ಒಂದು ಏರಿಗೆ, ಇನ್ನೊಂದು ನೀರಿಗೆ ಎಳೆಯುತ್ತದೆ.

[ದೃಶ್ಯ: ಉರಿಯುವ ಒಲೆ, ಬಾಣಲೆಯಲ್ಲಿ ಮರಳು]

ಭತ್ತವನ್ನು ನೆನೆಸಿ, ಹುರಿದು, ಒಣಗಿಸಿ, ಮಿಲ್ಲಿನಲ್ಲಿ ಹೊಟ್ಟು ತೆಗೆಸುತ್ತಾರೆ. ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿದರೆ ಒಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳು ಅರಳುತ್ತದೆ. ಅದಕ್ಕೆ ಎಡೆಬಿಡದ ಬೆಂಕಿ ಬೇಕು, ಅಗ್ಗದ ಉರುವಲು ಬೇಕು. ಭದ್ರಾ ನಾಲೆಯ ಭತ್ತದ ಸೀಮೆಯಲ್ಲಿ ಹೊಟ್ಟಿಗೇನು ಬರ? ಟೈರು ಸುಡುತ್ತಾರೆಂಬ ದೂರೂ ಹಳೆಯದೇ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಇದಕ್ಕೆ ಭಟ್ಟಿಯೊಂದೇ ಕಾರಣವಲ್ಲ. ರಸ್ತೆಯ ದೂಳು, ವಾಹನಗಳೂ ಇವೆ. ಆದರೆ ಬೆರಳು ತೋರಿಸುವುದಕ್ಕೆ ಬಡವರ ಹೊಗೆ ಸುಲಭವಾಗಿ ಸಿಗುತ್ತದೆ.

‘ಊರಾಚೆಗೆ ಸಾಗಿಸಿಬಿಡಿ’ ಎನ್ನುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಹೊಗೆ ಆಗ ಇನ್ನೊಂದು ಹಳ್ಳಿಯ ಪಾಲಾಗುತ್ತದೆ, ಅಷ್ಟೇ. ಭಟ್ಟಿ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಅಡುಗೆ, ಮಕ್ಕಳ ನಡುವೆಯೇ ಹೆಂಗಸರು ದುಡಿಯುತ್ತಾರೆ. ಕೆಲಸ ಹತ್ತು ಕಿಲೋಮೀಟರ್ ದೂರ ಹೋದರೆ ಮೊದಲು ತಪ್ಪುವುದು ಅವರ ಸಂಪಾದನೆ. ಹಾಗೆಂದು ಇದ್ದಂತೆಯೇ ಬಿಟ್ಟರೆ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರೂ ಅವರೇ.

ನನಗೆ ಸರಿ ಕಾಣುವುದು ಜಾಗ ಉಳಿಸಿ ಒಲೆ ಬದಲಿಸುವುದು. ಗಾಳಿ ಊದುವ ಬ್ಲೋವರ್, ಶಾಖ ಸೋರದ ಗೋಡೆ, ಎತ್ತರದ ಚಿಮಣಿ ಇದ್ದರೆ ಅದೇ ಹೊಟ್ಟು ಚೆನ್ನಾಗಿ ಉರಿದು ಹೊಗೆ ತಗ್ಗುತ್ತದೆ. ಕಷ್ಟವಿರುವುದು ದುಡ್ಡಿನಲ್ಲಿ. ಜಾಗ ಬಾಡಿಗೆಯದಾದರೆ, ಹಕ್ಕುಪತ್ರವಿಲ್ಲದಿದ್ದರೆ, ಬ್ಯಾಂಕಿನವರು ಸಾಲಕ್ಕೆ ಆಧಾರ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಒಲೆಯ ತಂತ್ರಜ್ಞಾನಕ್ಕಿಂತ ಕಂದಾಯ ದಾಖಲೆಯೇ ಇಲ್ಲಿ ದೊಡ್ಡ ತೊಡಕು.

[ದೃಶ್ಯ: ಹೊಸ ರಸ್ತೆ, ದೀಪದ ಕಂಬಗಳು]

ದುಡ್ಡು ಬರಲಿಲ್ಲವೇ? 2016ರ ಜನವರಿಯಲ್ಲಿ ಕೇಂದ್ರದ ನಗರ ಸುಧಾರಣಾ ಯೋಜನೆಯಾದ ಸ್ಮಾರ್ಟ್ ಸಿಟಿ ಮಿಷನ್ನಿನ ಮೊದಲ 20 ನಗರಗಳ ಪಟ್ಟಿ ಹೊರಬಂದಾಗ ಕರ್ನಾಟಕದಿಂದ ಇದ್ದದ್ದು ಬೆಳಗಾವಿ ಮತ್ತು ದಾವಣಗೆರೆ. ನಗರವೊಂದಕ್ಕೆ ಕೇಂದ್ರದ ಪಾಲು 500 ಕೋಟಿ ರೂಪಾಯಿವರೆಗೆ, ರಾಜ್ಯದ್ದೂ ಅಷ್ಟೇ. ದಾವಣಗೆರೆಯ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿಗಳ ಸುಧಾರಣೆಯೂ ಇತ್ತು. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಭಟ್ಟಿಗಳಿಗೆ ಬಂದದ್ದೇನು ಎಂದು ಅಲ್ಲಿನವರನ್ನೇ ಕೇಳಬೇಕು.

ಕೇಳಲು ವೇದಿಕೆಯನ್ನು ಸಂವಿಧಾನವೇ ಕೊಟ್ಟಿದೆ. 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳಿರಬೇಕು. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ಕೊಟ್ಟಿದೆ. ಮಂಡಕ್ಕಿ ಮಾರುವ ಗಾಡಿಯವನಿಗೆ ಕಾಯ್ದೆ ಇದೆ, ಅದನ್ನು ಹುರಿಯುವವಳಿಗೆ ಅಂಥದ್ದೊಂದು ಇಲ್ಲ!

ನಿಮ್ಮ ವಾರ್ಡಿಗೆ ಸಮಿತಿ ಇದೆಯೇ, ಸದಸ್ಯರು ಯಾರು, ಕೊನೆಯ ಸಭೆ ನಡೆದದ್ದು ಯಾವಾಗ? ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. ಉದ್ದವಾದರೆ ತಿರಸ್ಕರಿಸಲು ನೆಪ ಸಿಗುತ್ತದೆ.