ಹುಂಜದ ಜುಟ್ಟಿನಲ್ಲಿ ಮನುಷ್ಯನ ಹಲ್ಲು

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿ ಒಂದು ಹುಂಜದ ತಲೆ ಇದೆ. ಉದ್ದಕ್ಕೆ ಸೀಳಿ ಗಾಜಿನ ಜಾಡಿಯಲ್ಲಿ ಇಟ್ಟಿದ್ದಾರೆ. ಅದರ ಜುಟ್ಟಿನೊಳಗೆ ಹಲ್ಲೊಂದು ನಾಟಿಕೊಂಡಿದೆ. ಕೋಳಿಗೆಲ್ಲಿಂದ ಹಲ್ಲು ಬಂತು? ಅದು ಮನುಷ್ಯನ ಹಲ್ಲು. 18ನೇ ಶತಮಾನದ ಸರ್ಜನ್ ಜಾನ್ ಹಂಟರ್ ನೆಟ್ಟದ್ದು. ಜುಟ್ಟಿನಲ್ಲಿ ರಕ್ತ ಚೆನ್ನಾಗಿ ಓಡಾಡುತ್ತದಲ್ವಾ? ಹಲ್ಲು ಅಲ್ಲಿ ಬೇರೂರಿ ಬದುಕಿತು ಎಂದೇ ಅವರು ನಂಬಿದರು. ಆದರೆ ಎಷ್ಟೋ ಸಲ ನೆಟ್ಟರೂ ಗೆದ್ದದ್ದು ತೀರಾ ಅಪರೂಪ ಎಂದೂ ಬರೆದಿಟ್ಟರು. ನನಗೆ ಆ ಸೋಲುಗಳೇ ಮುಖ್ಯ ಅನಿಸುತ್ತವೆ.

ಆಗಿನ ಲಂಡನ್ನಿನಲ್ಲಿ ಬಡವರಿಗೆ ಕಾಸು ಕೊಟ್ಟು, ಅವರ ಹಲ್ಲು ಕಿತ್ತು ಸಾಹುಕಾರರ ಬಾಯಿಗೆ ಕೂರಿಸುತ್ತಿದ್ದರು. ಅವು ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಕೊಟ್ಟವರ ಬಾಯಿ ಮಾತ್ರ ಬರಿದಾಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಯಾಕೆ ನಿಲ್ಲಲಿಲ್ಲ? ಇದಕ್ಕೆ ದಾರಿ ತೋರಿಸಿದ್ದು 1940ರ ದಶಕದ ಮೊಲಗಳು. ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ ಒಂದು ಮೊಲದ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರು. ಕೆಲವೇ ದಿನಗಳಲ್ಲಿ ಅದು ಸತ್ತುಹೋಯಿತು. ಚರ್ಮ ಕೊಟ್ಟ ಅದೇ ಮೊಲದ ಚರ್ಮವನ್ನು ಮತ್ತೆ ಹಾಕಿದರೆ ಇನ್ನೂ ಬೇಗ ಸತ್ತಿತು. ಪರರದ್ದು ಯಾವುದೆಂದು ದೇಹ ಗುರುತಿಸುತ್ತದೆ, ನೆನಪೂ ಇಟ್ಟುಕೊಳ್ಳುತ್ತದೆ. ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು.

ಹಲ್ಲಿನ ಕಥೆ ಇದಕ್ಕಿಂತ ನಿಧಾನ. ಮೇಲಿನ ಗಟ್ಟಿ ಹೊದಿಕೆಯಾದ ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ. ಅವು ಇರುವುದು ಒಳಗಿನ ತಿರುಳಿನಲ್ಲಿ, ಬೇರನ್ನು ದವಡೆಗೆ ಹಿಡಿದಿಡುವ ತೆಳು ನಾರಿನ ಪೊರೆಯಲ್ಲಿ. ಬೇರೊಬ್ಬರ ಹಲ್ಲು ನೆಟ್ಟಾಗ ಬಿಳಿ ರಕ್ತಕಣಗಳು ನುಗ್ಗುವುದು ಅಲ್ಲಿಗೇ. ಪೊರೆ ಸತ್ತ ಮೇಲೆ, ಮೂಳೆ ಕರಗಿಸುವ ಕೋಶಗಳು ಬೇರನ್ನೂ ಸವೆಸತೊಡಗುತ್ತವೆ. ಸವೆದ ಕಡೆ ಮೂಳೆ ಬೆಳೆದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ಹಲ್ಲು ಭದ್ರ. ಒಂಚೂರೂ ಅಲುಗಾಡುವುದಿಲ್ಲ. ಆದರೆ ಸಣ್ಣ ಸಲಕರಣೆಯ ಹಿಡಿಯಿಂದ ತಟ್ಟಿದರೆ ಲೋಹ ತಟ್ಟಿದ ಹಾಗೆ ಟಣ್ ಎನ್ನುತ್ತದೆ. ದಂತವೈದ್ಯರಿಗೆ ಆ ಸದ್ದೇ ಸಾಕು. ಮುಂದೊಂದು ದಿನ ಬೇರು ಪೂರ್ತಿ ಕರಗಿ ಹಲ್ಲು ಬಿದ್ದುಹೋಗುತ್ತದೆ.

ನಮ್ಮದೇ ಹಲ್ಲಾದರೆ ದೇಹ ಜಗಳ ತೆಗೆಯುವುದಿಲ್ಲ. ಹಾಗಾಗಿಯೇ ಈಗ ಹುಳುಕು ದವಡೆ ಹಲ್ಲು ತೆಗೆದು, ಅದೇ ರೋಗಿಯ ಬುದ್ಧಿಹಲ್ಲನ್ನು ಅಲ್ಲಿ ಕೂರಿಸುವುದುಂಟು. ಆಗಲೂ ಪೊರೆ ಒಣಗಬಾರದು, ಹರಿಯಬಾರದು. ಮಕ್ಕಳು ಬಿದ್ದು ಶಾಶ್ವತ ಹಲ್ಲು ಕಿತ್ತು ಬಂದರೂ ಇದೇ ಮಾತು. ಬೇರು ಮುಟ್ಟಬೇಡಿ, ಉಜ್ಜಬೇಡಿ. ಮೇಲ್ಭಾಗ ಹಿಡಿದು ಹಾಲಿನಲ್ಲಿ ಹಾಕಿ, ತಡಮಾಡದೆ ದಂತವೈದ್ಯರ ಹತ್ತಿರ ಓಡಿ.