ದ್ವೀಪದ ಹಿಂದೆ ಹೋದ ಹಡಗನ್ನು ಕಂಪ್ಯೂಟರ್ ಮರೆಯುವುದೇಕೆ?

ನಮಸ್ಕಾರ ಮಾರಾಯ್ರೆ. ಇವತ್ತಿನ ಪ್ರಶ್ನೆ ಸುರತ್ಕಲ್ಲಿನ ವೀಕ್ಷಕರೊಬ್ಬರದ್ದು. ನೌಕಾಯುದ್ಧದ ಗೇಮ್‌ನಲ್ಲಿ ಅವರ ಹಡಗು ಒಂದು ದ್ವೀಪದ ಮರೆಗೆ ಹೋದರೆ ಸಾಕಂತೆ, ಬೆನ್ನಟ್ಟಿ ಬರುತ್ತಿದ್ದ ಕಂಪ್ಯೂಟರ್ ಸುಮ್ನೆ ವಾಪಸ್ ಹೋಗುತ್ತದೆ. ಕಷ್ಟದ ಲೆವೆಲ್ ಹಾಕಿದರೆ ಉಲ್ಟಾ. ಎಲ್ಲಿ ಅಡಗಿದರೂ ನೇರ ಅಲ್ಲಿಗೇ ಬರುತ್ತದೆ. "ಇವೆರಡರ ನಡುವೆ ಎಂತದೂ ಇಲ್ವಾ?" ಅಂತ ಕೇಳಿದ್ದಾರೆ.

ಉಂಟು. ಆದರೆ ಎಷ್ಟೋ ಗೇಮ್ ಮಾಡುವವರು ಅದಕ್ಕೆ ಕೈ ಹಾಕುವುದಿಲ್ಲ.

ಬೇಸಿಕ್ ವಿಷಯ ಬೇಗ ಮುಗಿಸೋಣ. ಇಂಥ ಗೇಮ್‌ಗಳಲ್ಲಿ ನಿಮ್ಮ ಹಡಗು, ವಿಮಾನ, ರೇಡಾರ್‌ಗೆ ಕಂಡಷ್ಟೇ ನಿಮಗೆ ಕಾಣುತ್ತದೆ. ಸುಲಭದ ಲೆವೆಲ್‌ನ ಕಂಪ್ಯೂಟರ್‌ಗೆ ನೆನಪು ಅನ್ನುವುದೇ ಇಲ್ಲ. ಶತ್ರು ಕಂಡರೆ ಗುಂಡು, ಕಾಣದಿದ್ದರೆ ಮತ್ತೆ ಗಸ್ತು. ಕಷ್ಟದ ಲೆವೆಲ್‌ನಲ್ಲಿ ಅದು ಜಾಣನಾಗಿರುವುದಿಲ್ಲ. ನೀವೆಲ್ಲಿದ್ದೀರಿ ಎಂದು ಗೇಮ್‌ನ ಒಳಗಿನಿಂದಲೇ ಕದ್ದು ಓದುತ್ತಿರುತ್ತದೆ, ಅಷ್ಟೇ. ಪ್ರಶ್ನೆಪತ್ರಿಕೆ ಮೊದಲೇ ನೋಡಿ ರ್‍ಯಾಂಕ್ ಬಂದ ಹಾಗೆ.

ಈಗ ನನಗೆ ತುಂಬಾ ಇಷ್ಟದ ಭಾಗ. ಇವೆರಡರ ನಡುವಿನ ದಾರಿ: ಕದ್ದು ಓದದೆ, ಕಾಣದ ಹಡಗು ಎಲ್ಲಿರಬಹುದು ಅಂತ ಊಹಿಸುವ ಕಂಪ್ಯೂಟರ್.

[ಪರದೆ ಮೇಲೆ: ಮಲ್ಪೆಯಿಂದ ಪಣಂಬೂರಿನವರೆಗಿನ ಕರಾವಳಿಯ ನಕ್ಷೆ]

ಬೆಳಿಗ್ಗೆ 6 ಗಂಟೆಗೆ ನಿಮ್ಮ ಹಡಗು ಮಲ್ಪೆಯ ಎದುರು ಕಂಡಿತು ಅಂದುಕೊಳ್ಳಿ. ಆಮೇಲೆ ಜೋರು ಮಳೆ, ಏನೂ ಕಾಣುವುದಿಲ್ಲ. ನಿಮ್ಮ ವೇಗ 15 ನಾಟ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 28 ಕಿಲೋಮೀಟರ್. ಅರ್ಧ ಗಂಟೆಯಾದಾಗ ನೀವು 14 ಕಿ.ಮೀ. ತ್ರಿಜ್ಯದ ವೃತ್ತದ ಒಳಗೆ ಎಲ್ಲೋ ಇದ್ದೀರಿ. ಒಂದು ಗಂಟೆಗೆ ಅದು 28 ಆಯಿತು. ಇನ್ನೊಂದು 40 ನಿಮಿಷ ಹೋದರೆ ವೃತ್ತದ ಅಂಚು ಪಣಂಬೂರು ಬಂದರಿನ ಬಾಗಿಲಿಗೇ ಬರುತ್ತದೆ.

ಆದರೆ ಇಡೀ ವೃತ್ತ ಬೇಡ. ಪೂರ್ವಕ್ಕೆ ನೆಲ. ನಿಮ್ಮ ಯುದ್ಧನೌಕೆ ಕಲ್ಸಂಕ ದಾಟಿ ಉಡುಪಿಯ ರಥಬೀದಿಗೆ ಬರುವುದಿಲ್ಲವಲ್ಲ! ಹಾಗಾಗಿ ಹೆಚ್ಚುಕಡಿಮೆ ಅರ್ಧ ವೃತ್ತವನ್ನು ಕತ್ತರಿಸಿ ಬಿಸಾಡಬಹುದು. ಉಳಿದ ಸಮುದ್ರವನ್ನು ಸಣ್ಣ ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೂ 'ಇಲ್ಲಿರುವ ಸಾಧ್ಯತೆ ಇಷ್ಟು' ಅಂತ ಒಂದು ಅಂಕ ಕೊಡಿ.

ಈಗ ಕಂಪ್ಯೂಟರ್‌ನ ಒಂದು ದೋಣಿ ಕಾಪುವಿನ ಹತ್ತಿರ ಹುಡುಕಿತು, ನೀವು ಸಿಗಲಿಲ್ಲ. ಮರೆಗುಳಿ ಕಂಪ್ಯೂಟರ್‌ಗೆ ಇದು ಸುದ್ದಿಯೇ ಅಲ್ಲ. ಈ ಹೊಸ ಕಂಪ್ಯೂಟರ್ ಕಾಪುವಿನ ಚೌಕಗಳ ಅಂಕ ಇಳಿಸುತ್ತದೆ, ಇಳಿದದ್ದನ್ನು ಉಳಿದ ಚೌಕಗಳಿಗೆ ಹಂಚುತ್ತದೆ. ಪೂರ್ತಿ ಸೊನ್ನೆ ಮಾಡಬಾರದು ಮತ್ತೆ. ಮಳೆಯಲ್ಲಿ ಕಣ್ತಪ್ಪಿರಬಹುದು, ಅಲ್ವಾ? ಹೊತ್ತು ಹೋದ ಹಾಗೆ ಅಕ್ಕಪಕ್ಕದ ಚೌಕಗಳಿಂದ ಸಾಧ್ಯತೆ ಮತ್ತೆ ಒಳಗೆ ಹರಿಯುತ್ತದೆ. ಯಾಕೆಂದರೆ ನೀವು ಅಲ್ಲಿಗೆ ವಾಪಸ್ ಬಂದಿರಲೂಬಹುದು.

ಇದು ಗೇಮ್‌ನ ಆಟ ಮಾತ್ರ ಅಂದುಕೊಳ್ಳಬೇಡಿ. 1968ರ ಮೇ ತಿಂಗಳಲ್ಲಿ ಅಮೆರಿಕದ ಸ್ಕಾರ್ಪಿಯನ್ ಜಲಾಂತರ್ಗಾಮಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಜಾನ್ ಕ್ರೇವನ್ ಎಂಬವರ ತಂಡ ತಜ್ಞರ ಅಂದಾಜುಗಳನ್ನೆಲ್ಲ ಸೇರಿಸಿ ಇಂಥದ್ದೇ ಸಾಧ್ಯತೆಯ ನಕ್ಷೆ ಮಾಡಿತು. ಅಕ್ಟೋಬರ್‌ನಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿತು.

ಗೇಮ್‌ನಲ್ಲಿ ಇದರಿಂದ ಮಜಾ ಎಂತ ಗೊತ್ತಾ? ಈ ಕಂಪ್ಯೂಟರ್‌ಗೆ ನೀವು ಟೋಪಿ ಹಾಕಬಹುದು! ದಕ್ಷಿಣಕ್ಕೆ ಹೋದ ಹಾಗೆ ತೋರಿಸಿ, ಮಳೆಯಲ್ಲಿ ತಿರುಗಿ ಉತ್ತರದ ಗಂಗೊಳ್ಳಿ ಕಡೆ ಓಡಬಹುದು. ಕದ್ದು ಓದುವ ಕಂಪ್ಯೂಟರ್ ಎದುರು ಈ ಬುದ್ಧಿ ನಡೆಯುವುದಿಲ್ಲ. ನನ್ನನ್ನು ಕೇಳಿದರೆ, ಟೋಪಿ ಹಾಕಿಸಿಕೊಳ್ಳದ ಎದುರಾಳಿ ಎಷ್ಟು ಬಲಿಷ್ಠವಾದರೂ ಬೋರು.

ಅಯ್ಯೋ, ಟೈಮ್ ಆಗ್ತಾ ಬಂತು. ಉಳಿದದ್ದು ಫಟಾಫಟ್.

ಕಂಪ್ಯೂಟರ್ ಹಡಗುಗಳು ಒಂದೊಂದಾಗಿ ಬಂದು ಸಾಯುತ್ತವಲ್ಲ, ಅದಕ್ಕೂ ಲೆಕ್ಕ ಉಂಟು. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ ಅವರ ವರ್ಗದ ನಿಯಮ. ಅಂದರೆ ಒಂದು ಗುಂಪಿನ ಬಲ ಅದರ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು. ನಿಮ್ಮದು 10 ಹಡಗು, ಅದರದ್ದು 6, ಎಲ್ಲವೂ ಸಮಬಲದವು. ಆರೂ ಒಟ್ಟಿಗೆ ಬಂದರೆ, 100ರಲ್ಲಿ 36 ಕಳೆದರೆ 64, ಅದರ ವರ್ಗಮೂಲ 8. ಅಂದರೆ ನಿಮ್ಮ 2 ಹಡಗು ಹೋಯಿತು. ಒಂದೊಂದಾಗಿ ಬಂದರೆ 100ರಲ್ಲಿ ಆರು ಸಲ ಒಂದೊಂದು ಕಳೆಯಿರಿ. 94ರ ವರ್ಗಮೂಲ ಸುಮಾರು 9.7. ನಿಮಗೆ ಅರ್ಧ ಹಡಗಿನಷ್ಟೂ ನಷ್ಟವಿಲ್ಲ! ಹಾಗಾಗಿ ಕೋಡ್‌ನಲ್ಲಿ ಒಂದು ಸಾಲು ಸೇರಿಸಿ: ಜೊತೆಯವರು ಬರುವವರೆಗೆ ಕಾಯು. ಪೆಟ್ಟು ತಿಂದ ಹಡಗು ಹಿಂದೆ ಸರಿಯಲಿ. ದೊಡ್ಡ ಹಡಗು ರಿಕ್ಷಾದ ಹಾಗೆ ಗಕ್ಕನೆ ತಿರುಗದು, ತಿರುವನ್ನು ಮೊದಲೇ ಯೋಚಿಸಲಿ.

ಕೋಡ್ ಬರೆಯುವವರಿಗೆ ಕೊನೆಯದೊಂದು ಮಾತು. ಆ ಸಾಧ್ಯತೆಯ ನಕ್ಷೆಯನ್ನು ಟೆಸ್ಟ್ ಮಾಡುವಾಗ ಬಣ್ಣ ಹಾಕಿ ಪರದೆ ಮೇಲೆ ತೋರಿಸಿ, ಸಾಧ್ಯತೆ ಹೆಚ್ಚಿದ್ದಲ್ಲಿ ಕೆಂಪು. ಹಡಗು ಪೆದ್ದುಪೆದ್ದಾಗಿ ಹೋದರೆ ಊಹೆ ತಪ್ಪಿದ್ದಾ, ನಿರ್ಧಾರ ತಪ್ಪಿದ್ದಾ ಅಂತ ಕಣ್ಣಿಗೇ ಕಾಣುತ್ತದೆ. ಗಂಗೊಳ್ಳಿ ಕಡೆ ಕೆಂಪಗಿದ್ದೂ ಹಡಗು ಪಣಂಬೂರಿಗೆ ಹೊರಟಿದ್ದರೆ, ನಕ್ಷೆಯನ್ನು ಮುಟ್ಟಬೇಡಿ. ತಪ್ಪು ಬೇರೆ ಕಡೆ ಉಂಟು.