ನಿವೃತ್ತಿಯ ಎರಡನೆಯ ಹತ್ತು ವರ್ಷ

ಕೇಳುಗರಿಗೆ ನಮಸ್ಕಾರ.

ಅರವತ್ತನೆಯ ವಯಸ್ಸಿನಲ್ಲಿ ಕೆಲಸದಿಂದ ನಿವೃತ್ತರಾಗುವವರ ಲೆಕ್ಕಾಚಾರವೆಲ್ಲ ಸಾಮಾನ್ಯವಾಗಿ ಮುಂದಿನ ತಿಂಗಳ ಖರ್ಚಿನ ಸುತ್ತ ಇರುತ್ತದೆ. ದಿನಸಿಗೆ ಎಷ್ಟು, ಔಷಧಿಗೆ ಎಷ್ಟು, ಇದಕ್ಕೆಲ್ಲ ಠೇವಣಿಯ ಬಡ್ಡಿ ಸಾಲುತ್ತದೆಯೇ? ಸಾಲುತ್ತದೆ ಎಂದಾದರೆ ಮನಸ್ಸು ಹಗುರಾಗುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರುತ್ತ ಹೋದರೆ ಹನ್ನೆರಡು ವರ್ಷಗಳಲ್ಲಿ ಖರ್ಚು ಎರಡು ಪಟ್ಟಾಗುತ್ತದೆ. ಅರವತ್ತರಲ್ಲಿ 30 ಸಾವಿರ ರೂಪಾಯಿಯಲ್ಲಿ ನಡೆದ ಸಂಸಾರಕ್ಕೆ ಎಪ್ಪತ್ತೆರಡರಲ್ಲಿ 60 ಸಾವಿರ ಬೇಕು. ಇಟ್ಟ ಠೇವಣಿಯ ಮೊತ್ತ ಮಾತ್ರ ಅಂದು ಎಷ್ಟಿತ್ತೋ ಇಂದೂ ಅಷ್ಟೇ. ನಿವೃತ್ತಿಯ ಈ ಎರಡನೆಯ ಹತ್ತು ವರ್ಷಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಆ ಕಾಲಕ್ಕೆ ಷೇರುಗಳ ಲಾಭಾಂಶ, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಡಿವಿಡೆಂಡ್, ಹೇಗೆ ಒದಗಿ ಬರಬಹುದು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಹಿಂದೆ ಈ ಚಿಂತೆಯನ್ನು ಪಿಂಚಣಿ ಹೊತ್ತುಕೊಳ್ಳುತ್ತಿತ್ತು. ತುಟ್ಟಿಭತ್ಯೆ ಏರಿದಂತೆ ಪಿಂಚಣಿಯೂ ಏರುತ್ತಿತ್ತು. ಕೇಂದ್ರ ಸರ್ಕಾರಕ್ಕೆ 2004ರ ಜನವರಿಯಿಂದ, ಕರ್ನಾಟಕ ಸರ್ಕಾರಕ್ಕೆ 2006ರ ಏಪ್ರಿಲ್‌ನಿಂದ ಹೊಸದಾಗಿ ಸೇರಿದವರಿಗೆ ಆ ವ್ಯವಸ್ಥೆಯ ಬದಲು ಎನ್‌ಪಿಎಸ್, ಅಂದರೆ ವಂತಿಗೆಯ ಹಣವನ್ನು ಮಾರುಕಟ್ಟೆಯಲ್ಲಿ ಹೂಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಬಂತು. ಖಾಸಗಿ ನೌಕರಿಯಲ್ಲಿದ್ದವರಿಗೆ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ ಸಾವಿರ ರೂಪಾಯಿಗೆ ನಿಗದಿ ಮಾಡಲಾಯಿತು. ಆ ಹಣ ವಿದ್ಯುತ್ ಬಿಲ್ಲಿಗೆ ಸಾಕಾದರೆ ಹೆಚ್ಚು. ವರ್ಷ ಕಳೆದಂತೆ ಏರುವ ಆದಾಯವೊಂದನ್ನು ಈಗ ನಾವೇ ಕಟ್ಟಿಕೊಳ್ಳಬೇಕು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ತಿಂಗಳ ಅಕ್ಕಿ-ಬೇಳೆ, ಔಷಧಿಯ ಹಣವನ್ನು ಲಾಭಾಂಶದ ಮೇಲೆ ಹೊರಿಸಬಾರದು. ಅದಕ್ಕೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಈ ಯೋಜನೆಯಲ್ಲಿ ಇಡಬಹುದಾದ ಹಣದ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 30 ಲಕ್ಷಕ್ಕೆ ಏರಿಸಿದರು. ಬಡ್ಡಿ ಶೇ 8.2 ಆಯಿತು. ಆ ದರದಲ್ಲಿ 30 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಷೇರುಪೇಟೆ ಬಿದ್ದರೂ ಎದ್ದರೂ ಬರುತ್ತದೆ. ಇದರ ಮುಂದೆ ಲಾಭಾಂಶ ಆರಂಭದಲ್ಲಿ ತೀರ ಬಡವಾಗಿ ಕಾಣುತ್ತದೆ. ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿಯ ಐವತ್ತು ಕಂಪನಿಗಳನ್ನು ಒಟ್ಟಾಗಿ ನೋಡಿದರೆ ಲಾಭಾಂಶದ ಇಳುವರಿ ಇತ್ತೀಚಿನ ವರ್ಷಗಳಲ್ಲಿ ಶೇ 1.5ಕ್ಕಿಂತಲೂ ಕಡಿಮೆಯೇ. ಇಳುವರಿ ಎಂದರೆ, ಷೇರಿಗೆ ನೀವು ಕೊಡುವ ಬೆಲೆಯಲ್ಲಿ ವರ್ಷಕ್ಕೆ ಎಷ್ಟು ಪಾಲು ಲಾಭಾಂಶವಾಗಿ ನಿಮ್ಮ ಕೈಸೇರುತ್ತದೆ ಎಂಬ ಲೆಕ್ಕ. ಆಯ್ದು ಕೊಂಡರೆ ಶೇ 2, ಶೇ 3 ಸಿಗಬಹುದು. ಅದಕ್ಕಿಂತ ಬಹಳ ಹೆಚ್ಚು ಕಂಡರೆ ಎಚ್ಚರವಾಗಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಾಗಿದ್ದರೆ ಇಷ್ಟು ಸಣ್ಣ ಇಳುವರಿಯ ಹಿಂದೆ ಏಕೆ ಹೋಗಬೇಕು? ಏಕೆಂದರೆ ಅದು ಬೆಳೆಯಬಲ್ಲದು. ನಲವತ್ತೈದು ವರ್ಷದವರೊಬ್ಬರು 15 ಲಕ್ಷ ರೂಪಾಯಿಯನ್ನು ಶೇ 2ರ ಇಳುವರಿಯ ಷೇರುಗಳಲ್ಲಿ ಹಾಕಿದರು ಎನ್ನೋಣ. ಮೊದಲ ವರ್ಷ ಬರುವುದು 30 ಸಾವಿರ. ಕಂಪನಿಗಳು ಲಾಭಾಂಶವನ್ನು ವರ್ಷಕ್ಕೆ ಶೇ 8ರಂತೆ ಏರಿಸುತ್ತ ಬಂದರೆ ಅರವತ್ತನೆಯ ವಯಸ್ಸಿಗೆ ಅದು ವರ್ಷಕ್ಕೆ 95 ಸಾವಿರ ಆಗುತ್ತದೆ. ಎಪ್ಪತ್ತೆರಡಕ್ಕೆ ಸುಮಾರು 2 ಲಕ್ಷ 40 ಸಾವಿರ, ಅಂದರೆ ತಿಂಗಳಿಗೆ 20 ಸಾವಿರ. ನಡುವೆ ಒಂದು ರೂಪಾಯಿಯನ್ನೂ ಹೊಸದಾಗಿ ಸೇರಿಸದೆ ಬಂದ ಲೆಕ್ಕವಿದು. ದುಡಿಯುವ ವರ್ಷಗಳಲ್ಲಿ ಬಂದ ಲಾಭಾಂಶದಿಂದ ಮತ್ತೆ ಷೇರು ಕೊಂಡವರಿಗೆ ಇನ್ನೂ ಹೆಚ್ಚು ದೊರಕೀತು. ಶೇ 8 ಎಂಬುದನ್ನು ಯಾರೂ ಬರೆದುಕೊಡುವುದಿಲ್ಲ. ಕೆಲವು ವರ್ಷ ಏರದು, ಕೆಲವು ವರ್ಷ ಇಳಿದೀತು. ಆದರೂ ಸಮಯವಿದ್ದವರಿಗೆ ಈ ದಾರಿ ಏನು ಕೊಡಬಲ್ಲದು ಎಂಬುದು ಈ ಅಂಕಿಗಳಲ್ಲಿ ಕಾಣುತ್ತದೆ. ಅರವತ್ತು ತುಂಬಿದ ಮೇಲೆ ಶುರು ಮಾಡುವವರಿಗೆ ಇಷ್ಟು ಫಲ ಸಿಗದು ಎಂಬುದೂ ಕಾಣುತ್ತದೆ.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡೋಣ. ಇನ್ಫೊಸಿಸ್ 2019-20ರಲ್ಲಿ ಷೇರೊಂದಕ್ಕೆ ಒಟ್ಟು 17 ರೂಪಾಯಿ 50 ಪೈಸೆ ಲಾಭಾಂಶ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಕ್ರಮವಾಗಿ 27, 31, 34 ರೂಪಾಯಿ. 2023-24ರಲ್ಲಿ 46, ಅದರಲ್ಲಿ 8 ರೂಪಾಯಿ ಒಮ್ಮೆ ಮಾತ್ರ ಕೊಟ್ಟ ವಿಶೇಷ ಲಾಭಾಂಶ. 2024-25ರಲ್ಲಿ 43. ಐದು ವರ್ಷಗಳಲ್ಲಿ ಎರಡೂವರೆ ಪಟ್ಟಿನ ಹತ್ತಿರ. 2019ರ ವಸಂತದಲ್ಲಿ ಸುಮಾರು 750 ರೂಪಾಯಿಗೆ ಷೇರು ಕೊಂಡವರಿಗೆ ಅವರು ಹಾಕಿದ ಹಣದ ಮೇಲೆ 2024-25ರಲ್ಲಿ ಶೇ 5.7ರಷ್ಟು ಬಂತು ಎಂದಾಯಿತು. ಆದರೆ ಇಲ್ಲಿಗೇ ನಿಂತರೆ ಅರ್ಧ ಓದಿದಂತೆ. ಅದೇ ಅವಧಿಯಲ್ಲಿ ಷೇರೊಂದರ ಗಳಿಕೆ, ಅಂದರೆ ಕಂಪನಿಯ ಲಾಭದಲ್ಲಿ ಒಂದು ಷೇರಿಗೆ ಬರುವ ಪಾಲು, ಸುಮಾರು 39 ರೂಪಾಯಿಯಿಂದ 64ರ ಆಸುಪಾಸಿಗೆ ಏರಿತು. ಅದು ಎರಡು ಪಟ್ಟೂ ಆಗಲಿಲ್ಲ. ಉಳಿದ ಏರಿಕೆ ಬಂದದ್ದು ಹಂಚುವ ಪಾಲು ಹೆಚ್ಚಿದ್ದರಿಂದ. ಐದು ವರ್ಷಗಳ ಅವಧಿಯಲ್ಲಿ ಕೈಯಲ್ಲಿ ಉಳಿಯುವ ನಗದಿನ ಶೇ 85ರಷ್ಟನ್ನು ಷೇರುದಾರರಿಗೆ ಮರಳಿಸುವುದು ಕಂಪನಿಯ ನೀತಿ. ಹಂಚುವ ಪಾಲನ್ನು ಎಷ್ಟು ಸಲ ಹೆಚ್ಚಿಸಲು ಸಾಧ್ಯ? ಅದಕ್ಕೊಂದು ಮಿತಿ ಇದೆ. ಇನ್ನು ಮುಂದೆ ಲಾಭಾಂಶ ಏರಬೇಕಾದರೆ ಗಳಿಕೆಯೇ ಏರಬೇಕು. ಯಾವ ಕಂಪನಿಯ ಷೇರಾದರೂ ಲಾಭಾಂಶದ ಸಾಲಿನ ಪಕ್ಕದಲ್ಲಿ ಗಳಿಕೆಯ ಸಾಲನ್ನೂ ಇಟ್ಟು ಹತ್ತು ವರ್ಷದ್ದನ್ನು ಓದಿ. ವಾರ್ಷಿಕ ವರದಿಯಲ್ಲಿ ಎರಡೂ ಇರುತ್ತವೆ.

ಈಗ ಹೆಚ್ಚಿನ ಇಳುವರಿಯ ಮಾತು. ಗಣಿ ಮತ್ತು ಲೋಹದ ಉದ್ಯಮದ ವೇದಾಂತ ಕಂಪನಿ 2022-23ರಲ್ಲಿ ಐದು ಕಂತುಗಳಲ್ಲಿ ಷೇರೊಂದಕ್ಕೆ 101 ರೂಪಾಯಿ 50 ಪೈಸೆ ಕೊಟ್ಟಿತು. ಆ ವರ್ಷದ ಕೊನೆಯಲ್ಲಿ ಷೇರಿನ ಬೆಲೆ 300 ರೂಪಾಯಿಗೂ ಕಡಿಮೆ ಇತ್ತು. ಇಳುವರಿ ಶೇ 30ನ್ನೂ ದಾಟಿತ್ತು! ಪಟ್ಟಿಯಲ್ಲಿ ಇಂಥದ್ದು ಮೇಲೆ ಕಂಡಾಗ ನಿವೃತ್ತರ ಕೈ ಅದರತ್ತ ಚಾಚುವುದು ಸಹಜ. ಆದರೆ ಹಂಚಿದ್ದು ಆ ವರ್ಷದ ಗಳಿಕೆಗಿಂತ ಹೆಚ್ಚು. ಮಾತೃ ಸಂಸ್ಥೆಯ ಮೇಲೆ ದೊಡ್ಡ ಸಾಲವಿತ್ತು, ಲಾಭಾಂಶದ ಬಹುಪಾಲು ಅತ್ತ ಹೋಯಿತು. ಮರುವರ್ಷ ಕೊಟ್ಟದ್ದು 29 ರೂಪಾಯಿ 50 ಪೈಸೆ. ಮರ ಕಡಿದು ಮಾರಿದ ವರ್ಷದ ಹಣವನ್ನು ತೋಟದ ಫಸಲೆಂದು ಬರೆದುಕೊಂಡರೆ ಮುಂದಿನ ವರ್ಷದ ಲೆಕ್ಕ ತಪ್ಪುತ್ತದೆ. ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲ. ಆದರೆ 101 ರೂಪಾಯಿಯನ್ನು ನಂಬಿ ಮನೆಯ ಬಜೆಟ್ ಹಾಕಿದವರ ಪಾಡೇನು?

ಕರಾವಳಿಯ ಕೇಳುಗರಿಗೆ ಇನ್ನೊಂದು ವಿಷಯ ಹತ್ತಿರದ್ದು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಇಷ್ಟೂ ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು, ಉಡುಪಿಯ ನೆಲದಲ್ಲಿ. ಅವುಗಳಲ್ಲಿ ದುಡಿದವರ ಮನೆಗಳಲ್ಲಿ ಅದೇ ಬ್ಯಾಂಕಿನ ಷೇರು ಇರುವುದೂ ಉಂಟು. 2020ರ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕ್, ಕೋವಿಡ್ ಕಾರಣಕ್ಕೆ, 2019-20ರ ಲಾಭದಿಂದ ಯಾವ ಬ್ಯಾಂಕೂ ಇನ್ನು ಲಾಭಾಂಶ ಕೊಡಕೂಡದು ಎಂದು ಆದೇಶಿಸಿತು. ಲಾಭದಲ್ಲಿದ್ದ ಬ್ಯಾಂಕಿಗೂ ಅದೇ ನಿಯಮ. ಅದೇ ತಿಂಗಳ ಮೊದಲ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಗಿ, ಸಾವಿರ ಷೇರಿದ್ದವರಿಗೆ ಕೆನರಾದ 158 ಷೇರು ಬಂದಿತ್ತು. ಸಂಬಳ, ಪಿಂಚಣಿ, ಷೇರು ಮೂರೂ ಒಂದೇ ಉದ್ಯಮದ ಮೇಲೆ ನಿಂತಿದ್ದ ಮನೆಗಳಿಗೆ ಆ ವರ್ಷ ಕಷ್ಟವಾಯಿತು. ಮುಂದೆ ಕೆನರಾ ಬ್ಯಾಂಕ್ ಚೇತರಿಸಿಕೊಂಡು 2021-22ಕ್ಕೆ 6 ರೂಪಾಯಿ 50 ಪೈಸೆ, ಬಳಿಕ 12, ಬಳಿಕ 16 ರೂಪಾಯಿ 10 ಪೈಸೆ ಕೊಟ್ಟಿತು. 2024-25ಕ್ಕೆ 4 ರೂಪಾಯಿ ಎಂದು ಕಂಡು ಗಾಬರಿಯಾದವರಿದ್ದರೆ ಹೇಳುತ್ತೇನೆ: 2024ರ ಮೇ ತಿಂಗಳಲ್ಲಿ ಒಂದು ಷೇರನ್ನು ಐದಾಗಿ ಒಡೆದಿದ್ದರು, ಹಳೆಯ ಲೆಕ್ಕದಲ್ಲಿ ಅದು 20 ರೂಪಾಯಿ. ಬ್ಯಾಂಕಿನ ಜೊತೆಗೆ ವಿದ್ಯುತ್, ಔಷಧಿ, ದಿನಬಳಕೆ ವಸ್ತುಗಳಂತಹ ಬೇರೆ ಬೇರೆ ಕ್ಷೇತ್ರಗಳ ಹತ್ತು ಹದಿನೈದು ಕಂಪನಿಗಳಿದ್ದರೆ ಒಂದು ಆದೇಶದಿಂದ ಇಡೀ ಆದಾಯ ನಿಲ್ಲುವುದಿಲ್ಲ.

ಒಂದೊಂದೇ ಕಂಪನಿಯನ್ನು ಓದಲು ವ್ಯವಧಾನವಿಲ್ಲದವರು ಮ್ಯೂಚುವಲ್ ಫಂಡಿನ ಡಿವಿಡೆಂಡ್ ಆಯ್ಕೆಯತ್ತ ನೋಡುತ್ತಾರೆ. 2021ರ ಏಪ್ರಿಲ್‌ನಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಆ ಹೆಸರನ್ನೇ ಬದಲಿಸಿತು. ಈಗ ಅದು ಐಡಿಸಿಡಬ್ಲ್ಯು, ಅಂದರೆ ಆದಾಯ ಹಂಚಿಕೆಯ ಜೊತೆಗೆ ಬಂಡವಾಳದ ಹಿಂತೆಗೆತ. ಅಲ್ಲಿ ಬರುವ ಹಣದಲ್ಲಿ ನೀವೇ ಹಾಕಿದ ಅಸಲೂ ಸೇರಿರಬಹುದು. ಫಂಡಿನಿಂದ ತಿಂಗಳ ಹಣ ಬೇಕಿದ್ದರೆ ಲಾಭವನ್ನು ಹಂಚದೆ ಫಂಡಿನಲ್ಲೇ ಉಳಿಸುವ ಬೆಳವಣಿಗೆಯ (ಗ್ರೋತ್) ಆಯ್ಕೆಯಲ್ಲಿಟ್ಟು, ನಿಮಗೆ ಬೇಕಾದಷ್ಟನ್ನು ನೀವೇ ನಿಗದಿ ಮಾಡಿ ತೆಗೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಲಾಭಾಂಶ ಸಂಬಳದಂತೆ ಒಂದನೇ ತಾರೀಕಿಗೆ ಬರುವುದಿಲ್ಲ. ವಾರ್ಷಿಕ ಸಭೆಗಳ ಕಾಲವಾದ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೆಚ್ಚು, ಉಳಿದ ತಿಂಗಳುಗಳಲ್ಲಿ ಅಲ್ಲೊಂದು ಇಲ್ಲೊಂದು. ಬಂದದ್ದೆಲ್ಲ ಒಂದು ಪ್ರತ್ಯೇಕ ಉಳಿತಾಯ ಖಾತೆಗೆ ಬೀಳಲಿ. ಈ ವರ್ಷ ಸೇರಿದ್ದನ್ನು ಮುಂದಿನ ವರ್ಷ ಹನ್ನೆರಡು ಭಾಗ ಮಾಡಿ ತಿಂಗಳಿಗಿಷ್ಟು ಎಂದು ತೆಗೆದುಕೊಳ್ಳಿ. ಹಾಗೆ ಮಾಡಿದರೆ ಒಂದು ಕಂಪನಿ ಕಡಿಮೆ ಕೊಟ್ಟ ಸುದ್ದಿ ನಿಮಗೆ ಒಂದು ವರ್ಷ ಮುಂಚಿತವಾಗಿ ಸಿಕ್ಕಿರುತ್ತದೆ. ಲಾಭಾಂಶ ಯಾರಿಗೆ ಸಲ್ಲಬೇಕೆಂದು ಕಂಪನಿ ಪಟ್ಟಿ ನೋಡುವ ದಾಖಲೆ ದಿನಾಂಕದ ಹಿಂದಿನ ದಿನ ಷೇರು ಕೊಂಡು ಮರುದಿನ ಮಾರುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಕೊಡುವ ಲಾಭಾಂಶದಷ್ಟು ಬೆಲೆ ಆ ದಿನವೇ ಇಳಿಯುವುದು ಸಾಮಾನ್ಯ.

ತೆರಿಗೆಯ ಮಾತು ಚಿಕ್ಕದು. 2020ರ ಏಪ್ರಿಲ್‌ನಿಂದ ಲಾಭಾಂಶ ಪಡೆದವರೇ ತಮ್ಮ ಆದಾಯದ ದರದಂತೆ ತೆರಿಗೆ ಕಟ್ಟಬೇಕು. 2025-26ಕ್ಕೆ, ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ದಾಟದವರಿಗೆ ಲಾಭಾಂಶಕ್ಕೂ ತೆರಿಗೆ ಇಲ್ಲ. ಆದರೆ ಒಂದು ಕಂಪನಿಯಿಂದ ವರ್ಷಕ್ಕೆ 10 ಸಾವಿರ ದಾಟಿದರೆ ಶೇ 10ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ತೆರಿಗೆಯೇ ಬಾರದ ಹಿರಿಯರು ಕಂಪನಿಗೆ ಮೊದಲೇ ಸ್ವಯಂ ಘೋಷಣೆ ಕೊಡಬಹುದು. ಕೊಡದಿದ್ದರೆ ಆದಾಯ ತೆರಿಗೆ ವಿವರಪಟ್ಟಿ (ರಿಟರ್ನ್) ಸಲ್ಲಿಸಿ ಮರಳಿ ಪಡೆಯಬೇಕು.

ಕೊನೆಯದಾಗಿ, ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕಾಗದದ ಷೇರು ಪತ್ರಗಳಿದ್ದರೆ ಈ ವಾರವೇ ಹೊರತೆಗೆಯಿರಿ. ಪ್ಯಾನ್, ಬ್ಯಾಂಕ್ ಖಾತೆಯ ವಿವರಗಳನ್ನು ಕೊಡದ ಕಾಗದದ ಷೇರುಗಳಿಗೆ 2024ರ ಏಪ್ರಿಲ್‌ನಿಂದ ಲಾಭಾಂಶ ಪಾವತಿ ನಿಂತಿದೆ. ಸತತ ಏಳು ವರ್ಷ ಯಾರೂ ಲಾಭಾಂಶ ಪಡೆಯದಿದ್ದರೆ ಆ ಹಣವಷ್ಟೇ ಹೋಗುವುದಿಲ್ಲ, ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗವಾಗುತ್ತವೆ. ಆದರೆ ಹಕ್ಕು ಕಳೆದುಹೋಗುವುದಿಲ್ಲ. ಐಇಪಿಎಫ್-5 ಎಂಬ ಅರ್ಜಿಯನ್ನು ಸರ್ಕಾರದ ಜಾಲತಾಣದಲ್ಲಿ ತುಂಬಿ, ದಾಖಲೆಗಳನ್ನು ಕಂಪನಿಗೆ ಕಳುಹಿಸಿ ಮರಳಿ ಪಡೆಯಬಹುದು. ಅರ್ಜಿಗೆ ಶುಲ್ಕವಿಲ್ಲ, ಬಂದದ್ದರಲ್ಲಿ ಪಾಲು ಕೇಳುವ ಮಧ್ಯವರ್ತಿಯೂ ಬೇಕಿಲ್ಲ. ಪತಿ ತೀರಿಕೊಂಡ ಮೇಲೆ ಷೇರಿನ ಸುಳಿವೇ ಇಲ್ಲದ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ಅವರ ಪರವಾಗಿ ಕೇಳಿಕೊಳ್ಳುತ್ತೇನೆ: ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿಡುವ ಡಿಮ್ಯಾಟ್ ಖಾತೆಗೆ ನಾಮಿನಿ ಹೆಸರು ಸೇರಿಸಿ, ಕಂಪನಿಗಳ ಹೆಸರು, ಖಾತೆಯ ಸಂಖ್ಯೆ, ಲಾಭಾಂಶ ಬೀಳುವ ಬ್ಯಾಂಕಿನ ಶಾಖೆ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಮನೆಯವರ ಕೈಗೆ ಕೊಡಿ.

ಕೇಳಿದ ನಿಮಗೆಲ್ಲ ವಂದನೆಗಳು.